ಓದದೆ ನೋಡಲು ಬಾರದವಳ ಅಹವಾಲು

ಮಾನ್ಯ ಗಮನ ಪರೀಕ್ಷಾಧಿಕಾರಿಗಳೇ,

ಔಷಧಿಯ ಚೀಟಿಗಳನ್ನು ಅಚ್ಚು ಹಾಕುವ ನಮ್ಮ ಮುದ್ರಣಾಲಯಕ್ಕೆ ತಾವು ಸ್ಟಾಪ್‌ವಾಚು ಹಿಡಿದು ದಯಮಾಡಿಸಿದ ದಿನದಿಂದ ನಮ್ಮೆಲ್ಲರ ಗಮನ ಎಷ್ಟು ಹೆಚ್ಚಿದೆಯೆಂದರೆ, ಅದು ಪೂರ್ತಿ ತಮ್ಮ ಮೇಲೇ ಖರ್ಚಾಗಿ ಕೆಲಸಕ್ಕೆ ಚೂರೂ ಉಳಿಯುತ್ತಿಲ್ಲ. ಇಪ್ಪತ್ತಾರು ವರ್ಷ ಇಲ್ಲಿ ಕರಡು ತಿದ್ದಿ, ಈಗ ತಮ್ಮ ಕೃಪೆಯಿಂದ ಗೇಟು ಕಾಯುತ್ತಿರುವ ನಾನು ತಮಗೆ ಸ್ಟೂಲಿನಿಂದ ಎದ್ದು ನಿಂತು ವಂದಿಸುತ್ತೇನೆ.

ಅಂದು ತಾವು ನಲವತ್ತು ಪದಗಳ ಹಾಳೆಯೊಂದನ್ನು ಮುಂದಿಟ್ಟು, ಪದವನ್ನು ಓದಕೂಡದು, ಅಚ್ಚಾದ ಬಣ್ಣವನ್ನು ಮಾತ್ರ ಬೇಗ ಬೇಗ ಹೇಳಬೇಕು ಎಂದು ಅಪ್ಪಣೆ ಕೊಡಿಸಿದಿರಿ. ಮೊದಲ ಪದ ‘ಕೆಂಪು’, ಅಚ್ಚಾಗಿದ್ದು ನೀಲಿಯಲ್ಲಿ. ನೀಲಿ ನನಗೆ ಕಾಣದೆ ಇರಲಿಲ್ಲ ಸ್ವಾಮಿ. ಆದರೆ ಅದನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ‘ಕೆಂಪು’ ಹೊರಗೆ ಜಿಗಿದಾಗಿತ್ತು. ಎರಡನೆಯದಕ್ಕೆ ನಾಲಿಗೆ ಕಚ್ಚಿಕೊಂಡೆ, ಮೂರನೆಯದಕ್ಕೆ ತೊದಲಿದೆ, ಹತ್ತು ಮುಗಿಯುವ ಹೊತ್ತಿಗೆ ಬೆವೆತುಹೋದೆ. ಓದುವುದು ನಾನು ಮಾಡುವ ಕೆಲಸವೆಂದು ಇಷ್ಟು ವರ್ಷ ಸಂಬಳ ಎಣಿಸಿದ್ದೆ. ಅದು ನನ್ನನ್ನು ಕೇಳದೆ ತಾನಾಗಿಯೇ ನಡೆಯುತ್ತದೆ, ಬೇಡವೆಂದರೂ ನಿಲ್ಲುವುದಿಲ್ಲ ಎಂಬ ಜ್ಞಾನೋದಯ ತಮ್ಮ ಸನ್ನಿಧಿಯಲ್ಲಿ ಆಯಿತು. ತಾವು ‘ಗಮನ ಸಾಲದು’ ಎಂದು ಬರೆದದ್ದನ್ನೂ ಮೇಜಿನ ಈಚೆಯಿಂದ ತಲೆಕೆಳಗಾಗಿ ಓದಿಬಿಟ್ಟೆ, ಮನ್ನಿಸಬೇಕು.

ನಲವತ್ತಕ್ಕೆ ನಲವತ್ತು ಪಡೆದವನು ಬಣ್ಣ ಕಲಸುವ ಮಸಿಯಣ್ಣನೊಬ್ಬನೇ. ಅವನಿಗೆ ಓದಲು ಬಾರದು. “ನಂಗೆ ಅದು ಬರೀ ಬಣ್ಣ ಕಣಕ್ಕಾ, ನಿಮ್ಗಾದ್ರೆ ಅದು ಮಾತಾಡುತ್ತೆ” ಎಂದು ಅವನು ಒಂದೇ ಮಾತಿನಲ್ಲಿ ವಿವರಿಸಿದ ವಿದ್ಯೆಗೆ ತಾವು ಹನ್ನೆರಡು ಪುಟದ ವರದಿ ಬರೆದಿರಿ. ಆ ವರದಿಯ ಫಲವಾಗಿ ಅವನು ನನ್ನ ಕುರ್ಚಿಗೆ ಬಂದ. ಬೇಡ ಬೇಡವೆಂದು ಅವನು ಕೈಮುಗಿದದ್ದನ್ನು ತಾವು ವಿನಯವೆಂದು ತಿಳಿದಿರಿ.

ಹೋದ ಗುರುವಾರ ಹಸುಗೂಸುಗಳ ಕೆಮ್ಮಿನ ಔಷಧಿಯ ಚೀಟಿಗಳನ್ನು ಹೇರಿಕೊಂಡ ಲಾರಿ ಗೇಟಿಗೆ ಬಂತು. ನನ್ನ ಕೆಲಸ ಲಾರಿಯ ನಂಬರು ಬರೆದುಕೊಳ್ಳುವುದಷ್ಟೆ. ಆದರೆ ಹರಿದ ಪೆಟ್ಟಿಗೆಯೊಂದರಿಂದ ಇಣುಕುತ್ತಿದ್ದ ಚೀಟಿಯನ್ನು ಈ ಶಿಸ್ತುಗೆಟ್ಟ ಕಣ್ಣು ಓದಿಬಿಟ್ಟಿತು: ‘ದಿನಕ್ಕೆ ನೂರು ಹನಿ.’ ಮೂರು ಇರಬೇಕಾದಲ್ಲಿ ನೂರು! ಓಡಿ ಚಕ್ರದ ಮುಂದೆ ನಿಂತೆ. “ಲೇಟಾಯ್ತು, ದಾರಿ ಬಿಡೀಮ್ಮ” ಎಂದು ಡ್ರೈವರು ಹಾರನ್ನು ಒತ್ತಿದ. ಚೀಟಿಯನ್ನು ಅವನ ಕೈಗಿತ್ತು, “ನಿಮ್ಮನೇಲಿ ಕೂಸು ಇದ್ರೆ ಇದನ್ನ ಒಂದ್ಸಲ ಓದಿ” ಎಂದೆ. ಅವನು ಓದಿದ, ಇಂಜಿನ್ನು ಆರಿಸಿ ಕೆಳಗಿಳಿದ. ಸುದ್ದಿ ತಿಳಿದು ಬಂದ ಮಸಿಯಣ್ಣ ಗೇಟಿಗೆ ಒರಗಿ, “ನನ್ ಕೈಯಿಂದ್ಲೇ ಹೋಗ್ತಿತ್ತಲ್ಲಕ್ಕಾ” ಎಂದು ಅತ್ತ. ಅವನ ತಪ್ಪಿಲ್ಲವೆಂದು ಹೇಳಿ ಹೇಳಿ ನನಗೆ ಸಾಕಾಯಿತು. ಯಾರ ತಪ್ಪೆಂದು ಹೇಳುವಷ್ಟು ದೊಡ್ಡವಳು ನಾನಲ್ಲ.

ಆ ಚೀಟಿಗಳನ್ನೆಲ್ಲ ಸುಟ್ಟರು. ಗೇಟು ಬಿಟ್ಟು ಓಡಿದ್ದಕ್ಕೆ ನನಗೊಂದು ಮೆಮೊ ಸಿಕ್ಕಿತು. ಕುರ್ಚಿಯೂ ಮರಳಿ ಸಿಗುವುದಂತೆ, ಸೋಮವಾರ ತಮ್ಮ ಪರೀಕ್ಷೆಯಲ್ಲಿ ಪಾಸಾದರೆ. ಆದ್ದರಿಂದ ಸೋಮವಾರದೊಳಗೆ ನಾನು ಅಕ್ಷರ ಮರೆಯಲು ತಕ್ಕ ಗುರುವೊಬ್ಬರನ್ನು ತಾವು ನೇಮಿಸಬೇಕು. ಅಷ್ಟು ಬೇಗ ಸಾಧ್ಯವಾಗದಿದ್ದರೆ, ನಾನು ನೋಡುವಾಗ ಬಾಯಿ ಮುಚ್ಚಿಕೊಂಡಿರುವಂತೆ ಪದಗಳಿಗೇ ಒಂದು ಸುತ್ತೋಲೆ ಹೊರಡಿಸಬೇಕು. ತಮ್ಮ ಮಾತನ್ನು ಮೀರುವ ಧೈರ್ಯ ಅವಕ್ಕೆಲ್ಲಿದೆ?

ತಮ್ಮ ಸ್ಟಾಪ್‌ವಾಚು ನೂರ್ಕಾಲ ಓಡಲೆಂದು ಹಾರೈಸುವ,
ತಮ್ಮ ವಿಶ್ವಾಸಿ,
ಓದುಬಾಕ ಗೇಟಿನವಳು

ಮರೆತ ಮಾತು: ಈ ಪತ್ರವನ್ನು ಹಸಿರು ಶಾಯಿಯಲ್ಲಿ ಬರೆದು ನೋಟೀಸು ಬೋರ್ಡಿಗೆ ಅಂಟಿಸಿದ್ದೇನೆ. ದಯವಿಟ್ಟು ಓದಬೇಡಿ, ಬಣ್ಣ ಮಾತ್ರ ನೋಡಿ. ಇಲ್ಲಿಯವರೆಗೆ ಬಂದಿದ್ದರೆ ತಾವೂ ನಪಾಸು. ಗೇಟಿನ ಬಳಿ ಇನ್ನೊಂದು ಸ್ಟೂಲು ಖಾಲಿಯಿದೆ.