ಅಧ್ಯಕ್ಷರ ನೀಲಿ ಬಕೆಟ್ಟು

ಬ್ರಷ್ಷು ತೊಳೆದ ನೀರನ್ನು ಎಲ್ಲಿ ಚೆಲ್ಲಬೇಕು ಎಂಬುದು ನಿನ್ನೆಯವರೆಗೂ ಗಡಿಯಾರ ರಿಪೇರಿಯವರಿಗೆ ಒಂದು ಪ್ರಶ್ನೆಯೇ ಆಗಿರಲಿಲ್ಲ. ಮನೆ ಮುಂದೆ ಮಳೆನೀರಿನ ಮೋರಿ ಬಾಯಿ ತೆರೆದುಕೊಂಡು ಕೂತಿತ್ತು. ಬೀದಿಯವರೆಲ್ಲ ಅದಕ್ಕೇ ಚೆಲ್ಲುತ್ತಿದ್ದರು, ಇವರೂ ಚೆಲ್ಲುತ್ತಿದ್ದರು.

ನಿನ್ನೆ ಸಂಜೆಯ ಬೀದಿ ಸಭೆ ಎಲ್ಲವನ್ನೂ ಕೆಡಿಸಿತು. ಮೋರಿಯ ನೀರು ಎಲ್ಲೂ ಶುದ್ಧವಾಗದೆ ನೇರವಾಗಿ ಕೆರೆಗೇ ಇಳಿಯುತ್ತದೆ, ಕೆರೆಯಲ್ಲಿ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿವೆ ಎಂದು ಯಾರೋ ಹೇಳಿದರು. ಮೋರಿ ಕಾಯಲು ಒಂದು ಸಮಿತಿ, ಅದಕ್ಕೊಬ್ಬ ಅಧ್ಯಕ್ಷ ಬೇಕು ಎಂದಾಗ ಎಲ್ಲರೂ ತಂತಮ್ಮ ಚಪ್ಪಲಿ ನೋಡಿಕೊಂಡರು. ಗಡಿಯಾರದವರು ಮಾತ್ರ ಕಿವಿ ಬಳಿಯ ಸೊಳ್ಳೆ ಓಡಿಸಲು ಕೈ ಎತ್ತಿದರು. ಚಪ್ಪಾಳೆ ಬಿತ್ತು. ಹುಟ್ಟಿದಾಗಿನಿಂದ ತಮಗೆ ಬಿದ್ದ ಮೊದಲ ಚಪ್ಪಾಳೆಯಾದ್ದರಿಂದ ಅದು ಸೀದಾ ತಲೆಗೇರಿತು. ಎದ್ದು ನಿಂತವರೇ, "ಇನ್ಮೇಲೆ ಯಾರ ಮನೆಯಿಂದ ಮಳೆನೀರು ಬಿಟ್ಟು ಬೇರೆ ಏನಾದ್ರೂ ಮೋರಿಗೆ ಇಳೀತೋ, ಅವರು ಈ ಬೀದಿ ಮೋರೀನ ಈ ತುದಿಯಿಂದ ಆ ತುದಿವರೆಗೆ ಕೈಯಾರೆ ಬಳೀಬೇಕು" ಎಂದು ಯಾರೂ ಕೇಳದಿದ್ದರೂ ಶಿಕ್ಷೆ ಘೋಷಿಸಿಬಿಟ್ಟರು.

ಇವತ್ತು ಅಂಗಡಿಗೆ ರಜೆ. ಅಧ್ಯಕ್ಷರ ಮನೆ ಅಧ್ಯಕ್ಷರ ಮನೆಯಂತೆ ಕಾಣಲಿ ಎಂದು ಎದ್ದ ಕೂಡಲೇ ಮುಂದಿನ ಗೋಡೆಗೆ ತಾವೇ ನೀಲಿ ಬಣ್ಣ ಬಳಿದರು. ಬ್ರಷ್ಷು, ಡಬ್ಬಿ ಎಲ್ಲ ತೊಳೆದಾಗ ಉಳಿದದ್ದು ಅಂಚಿನವರೆಗೆ ತುಂಬಿದ ಒಂದು ಬಕೆಟ್ ನೀಲಿ ನೀರು. ಕೈ ತನ್ನ ಹಳೆಯ ಅಭ್ಯಾಸದಂತೆ ಅದನ್ನು ಮೋರಿಯ ಕಡೆಗೆ ವಾಲಿಸಿತು.

"ಹೋಲ್ಡಾನ್."

ಎದುರುಮನೆಯ ರಿಟೈರ್ಡ್ ಕಂಡಕ್ಟರು ಗೇಟಿಗೆ ಒರಗಿ ನಿಂತಿದ್ದರು. ನೌಕರಿ ಬಿಟ್ಟರೂ ಟಿಕೆಟ್ ಇಲ್ಲದವರನ್ನು ಹಿಡಿಯುವ ಕಣ್ಣು ಅವರನ್ನು ಬಿಟ್ಟಿರಲಿಲ್ಲ.

"ಏನ್ ಅಧ್ಯಕ್ಷರೇ, ಮೋರಿಗೆ ಬಾಗಿನಾ?"

"ಇಲ್ಲಪ್ಪ, ನೀರಲ್ಲಿ ಮುಖ ಹೇಗೆ ಕಾಣುತ್ತೆ ಅಂತ ನೋಡ್ತಿದ್ದೆ."

"ಹೇಗೆ ಕಾಣ್ತು?"

"ನೀಲಿಯಾಗಿ."

ಪಕ್ಕದ ಮಹಡಿಯಿಂದ ಅಜ್ಜಿಯ ತಲೆ ಇಣುಕಿತು. ಬೀದಿಯಲ್ಲಿ ಬೆಕ್ಕು ಸೀನಿದರೂ ಅಜ್ಜಿಗೆ ಗೊತ್ತಾಗಬೇಕು. "ನಾನೂ ನೋಡ್ದೆ ಕಣಪ್ಪಾ. ಚೆಲ್ಲದೆ ಹಾಗೇ ಇಟ್ಕೊಂಡ್ರೂ ಉಳಿಯಲ್ಲ ನೀನು. ನನ್ನ ಮಂಡಿ ಹಿಡ್ಕೊಂಡಿದೆ, ಮಳೆ ಬರೋದು ಗ್ಯಾರಂಟಿ. ಬಂದ್ರೆ ನಿನ್ನ ಬಕೆಟ್ಟು ತಾನೇ ತುಂಬಿ ಹರಿಯುತ್ತೆ."

ಗಡಿಯಾರದವರು ತಲೆಯೆತ್ತಿದರು. ಆಕಾಶ ಸೀದುಹೋದ ಪಾತ್ರೆಯ ತಳದಂತಿತ್ತು. ಬಕೆಟ್ ಹಿಡಿದು ಒಳಗೆ ಓಡಿದರು.

"ಬಚ್ಚಲಿಗೆ ಸುರೀಲೇನೇ?"

"ಮೊನ್ನೆ ತಾನೆ ಕಟ್ಕೊಂಡು ಒದ್ದಾಡಿದ್ದು ಮರ್ತೋಯ್ತಾ?" ಎಂದಳು ಹೆಂಡತಿ.

"ಹೂವಿನ ಕುಂಡಕ್ಕೆ?"

"ಮನೆಯೊಳಗೆ ಮಾತ್ರ ಇಡ್ಬೇಡಿ, ನಿಮ್ ತಲೆಗೇ ಸುರ್ಕೊಳಿ. ನರೆಯಾದ್ರೂ ಮುಚ್ಚುತ್ತೆ."

ಮಲಗಿದ ಮಗುವನ್ನು ಎತ್ತಿಕೊಂಡವರಂತೆ ಗಡಿಯಾರದವರು ಬಕೆಟ್ ಅಪ್ಪಿಕೊಂಡು ಬೀದಿಗಿಳಿದರು. ಹಿಂದೆಯೇ ಛತ್ರಿ ಹಿಡಿದು ಕಂಡಕ್ಟರು ಹೊರಟರು. "ಹನಿ ರಸ್ತೆಗೆ ಬಿದ್ರೂ ಮೋರಿಗೆ ಬಿದ್ದಂಗೇ ಅಧ್ಯಕ್ಷರೇ. ಮಳೆ ಬಂದ್ರೆ ಅದೂ ಹೋಗಿ ಸೇರೋದು ಅಲ್ಲಿಗೇ."

ಮಾತೇನೋ ನಿಜ. ಅದಕ್ಕೇ ಬಕೆಟ್ಟು ತುಳುಕಿದಾಗಲೆಲ್ಲ ಗಡಿಯಾರದವರು ರಸ್ತೆಗೆ ಬೀಳುವ ಮೊದಲೇ ತಮ್ಮ ಅಂಗಿಯನ್ನು ಒಡ್ಡಿದರು. ಒಂದು ನಾಯಿ ಅಡ್ಡ ಬಂತು, ಹೊಟ್ಟೆ ನೀಲಿಯಾಯಿತು. ಒಂದು ಗುಂಡಿ ಸಿಕ್ಕಿತು, ತೋಳು ನೀಲಿಯಾಯಿತು. ಎದುರಿಗೆ ಸಿಕ್ಕ ಪರಿಚಯದವರೊಬ್ಬರು "ಚೆನ್ನಾಗಿದೀರಾ?" ಎಂದಾಗ ಕೈ ಮುಗಿಯಲು ಹೋಗಿ ಗದ್ದವೂ ಹೋಯಿತು.

ಬಣ್ಣದ ಅಂಗಡಿಯವನು ಬಕೆಟ್ ನೋಡಿಯೇ ಎರಡೂ ಕೈ ಅಡ್ಡ ಹಿಡಿದ. "ಮಾರಿದ್ ಮಾಲು ವಾಪಸ್ ತಗೊಳಲ್ಲ ಸಾರ್. ಅದ್ರಲ್ಲೂ ನೀರು ಬೆರೆಸಿ ತಂದಿದೀರ."

ಗುಡುಗಿತು. ಗಡಿಯಾರದವರ ಎದೆ ಹಳೇ ಅಲಾರಾಂ ಗಡಿಯಾರದಂತೆ ಹೊಡೆದುಕೊಳ್ಳತೊಡಗಿತು. ಕೊನೆಗೆ ಮೂಲೆಯ ಬಡಗಿಯೇ ದಾರಿ ತೋರಿಸಿದ.

"ಇಷ್ಟಕ್ಕಾ ಈ ಪಾಡು? ಮರದ ಹೊಟ್ಟು ಹಾಕಿ ಕಲಸಿ. ನೀರೆಲ್ಲ ಹೀರ್ಕೊಂಡು ಮುದ್ದೆಯಾಗುತ್ತೆ. ಒಣಗಿದ್ಮೇಲೆ ಕಸದ ಗಾಡಿಗೆ ಹಾಕಿದ್ರಾಯ್ತು. ಹೊಟ್ಟು ಬೇಕಾದಷ್ಟಿದೆ. ಆದ್ರೆ ನೀವು ಬಂದಿರೋದೇ ಅಪರೂಪ, ಆ ಗೋಡೆ ಗಡಿಯಾರ ಸ್ವಲ್ಪ ನೋಡ್ಬಿಡಿ."

"ಈಗ್ಲಾ?"

"ನಿಂತು ಬಹಳ ದಿನ ಆಯ್ತು."

ಬಕೆಟ್ಟನ್ನು ಸೂರಿನಡಿ ಇಟ್ಟು, ನೀಲಿ ಬೆರಳುಗಳಲ್ಲೇ ಗಡಿಯಾರ ಬಿಚ್ಚಿದರು. ಹೊರಗೆ ಮಳೆ ಹುಯ್ಯತೊಡಗಿತು. ಗಡಿಯಾರ ಟಿಕ್ ಎಂದದ್ದೇ ತಡ, ಮೊಣಕೈವರೆಗೆ ಕೈಹಾಕಿ ಹೊಟ್ಟು ಕಲಸಿದರು. ಬಕೆಟ್ ಬೋರಲು ಮಾಡಿದರೂ ಒಂದು ಹನಿ ಇಳಿಯಲಿಲ್ಲ.

"ಒಪ್ಕೊಂಡೆ ಅಧ್ಯಕ್ಷರೇ. ನಾನಾಗಿದ್ರೆ ಯಾರಿಗೂ ಕಾಣ್ದಂಗೆ ಎಲ್ಲೋ ಸುರ್ದು ಕೈ ತೊಳ್ಕೊಂಡಿರ್ತಿದ್ದೆ" ಎಂದು ಕಂಡಕ್ಟರು ಛತ್ರಿಯನ್ನು ತಾವು ನೆನೆದು ಇವರ ತಲೆಯ ಮೇಲೆ ಹಿಡಿದರು.

ಬೀದಿಯ ತಿರುವಿಗೆ ಬಂದಾಗ ಮಳೆಯಲ್ಲೇ ಜನ ಮೋರಿಯ ಸುತ್ತ ಗುಂಪು ಕಟ್ಟಿದ್ದರು. ಗಡಿಯಾರದವರು ನುಗ್ಗಿ ಬಗ್ಗಿ ನೋಡಿದರು. ಮೋರಿಯ ತುಂಬ ದಟ್ಟ ನೀಲಿ ನೀರು ಭೋರೆಂದು ಕೆರೆಯ ಕಡೆಗೆ ಹರಿಯುತ್ತಿತ್ತು.

ಅವರಿಗೆ ಮೈ ಉರಿದುಹೋಯಿತು. ಒಂದು ಬಕೆಟ್ಟಿಗಾಗಿ ತಾವು ಅಷ್ಟು ಪಾಡು ಪಟ್ಟಿದ್ದರೆ ಇಲ್ಲಿ ಯಾವನೋ ಡ್ರಮ್ಮುಗಟ್ಟಲೆ ಬಿಟ್ಟಿದ್ದಾನೆ. "ಯಾರ್ರೀ ಇದು? ಯಾರೇ ಆಗಿರ್ಲಿ, ಬಿಡೋ ಮಾತೇ ಇಲ್ಲ. ಇವತ್ತೇ, ಈಗ್ಲೇ ಮೋರಿ ಬಳಿಸ್ತೀನಿ."

ಮೆಲ್ಲಗೆ ಒಬ್ಬೊಬ್ಬರೇ ಪಕ್ಕಕ್ಕೆ ಸರಿದರು. ಸರಿದ ಜಾಗದಲ್ಲಿ ಅಧ್ಯಕ್ಷರ ಮನೆ ಕಾಣಿಸಿತು. ಬೆಳಗ್ಗೆ ಬಳಿದ ಗೋಡೆ ಒಣಗಿಯೇ ಇರಲಿಲ್ಲ. ನೀಲಿಯೆಲ್ಲ ತಳದವರೆಗೆ ಇಳಿದು, ಮೆಟ್ಟಿಲು ದಾಟಿ, ಅಂಗಳ ದಾಟಿ, ನೆಟ್ಟಗೆ ಮೋರಿಗೆ ಹೋಗುತ್ತಿತ್ತು.

"ನಾವೆಲ್ಲ ಬಕೆಟ್ಟೇ ಕಾಯ್ತಿದ್ವಿ ಕಣಪ್ಪಾ, ಗೋಡೆ ಕಡೆ ಯಾರೂ ನೋಡ್ಲಿಲ್ಲ" ಎಂದಳು ಮಹಡಿಯ ಅಜ್ಜಿ.

ಗಡಿಯಾರದವರು ಮನೆಯೊಳಗೆ ನುಸುಳಲು ನೋಡಿದರು. ಬಾಗಿಲಲ್ಲೇ ಹೆಂಡತಿ ಸಲಿಕೆ ಹಿಡಿದು ನಿಂತಿದ್ದಳು.

"ಒಳಗೆ ಬಂದು ಬಟ್ಟೆ ಬದಲಾಯಿಸೋದೇನೂ ಬೇಡ. ಅಂಗಿ ಹೇಗೂ ಹಾಳಾಗಿದೆ, ಹಾಗೇ ಇಳೀರಿ."