ಪೈಲ್ವಾನರ ಖುರಾಕು, ನನ್ನ ನಾಲಿಗೆ

ಆಟವಾಡಿ ಸಂಬಳ ತೆಗೆದುಕೊಳ್ಳುವವರು ನನ್ನ ವಾರ್ಡಿಗೆ ಕಾಲಿಟ್ಟಾಗಲೆಲ್ಲ ಏನಾದರೊಂದು ನಡೆದೇ ನಡೆಯುತ್ತಿತ್ತು. ನಡೆದದ್ದರಲ್ಲಿ ಮರ್ಯಾದೆ ಹೋಗುತ್ತಿದ್ದದ್ದು ಅವರದಲ್ಲ, ನನ್ನದು. ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚಿನಿಂದ ಅದು ಮುಗಿಯುವವರೆಗೆ ನಾನು ಕೋಲಾರದ ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿದ್ದೆ. ಕಾನ್ವೆಂಟಿನಲ್ಲಿ ಓದಿದವಳು. ಚಾದರದಲ್ಲಿ ಒಂದು ಸುಕ್ಕು ಕಂಡರೆ ಮಂಚವನ್ನೆಲ್ಲ ಮತ್ತೆ ಹಾಸಿಸುತ್ತಿದ್ದೆ. ಯಾವ ಕೆಲಸಕ್ಕೆ ಎಷ್ಟು ಸಂಬಳ ನ್ಯಾಯ ಎನ್ನುವುದರಲ್ಲಿ ನನಗೆ ಆಗ ಯಾವ ಅನುಮಾನವೂ ಇರಲಿಲ್ಲ. ಈಗ ಇದೆ. ಅದು ಹೇಗೆ ಬಂತೆಂದು ಬರೆಯುತ್ತೇನೆ. ಓದುವವರು ನಗಬಹುದು. ನಾನು ಪೂರ್ತಿ ನಗಲಾರೆ.

೧. ಗೇಟಿನೊಳಗೆ ಎಮ್ಮೆ

ಮುಳಬಾಗಿಲಿನ ಪೈಲ್ವಾನರೊಬ್ಬರು ಕುಸ್ತಿಯಲ್ಲಿ ಮೊಣಕಾಲು ತಿರುಚಿಕೊಂಡು ನಮ್ಮಲ್ಲಿಗೆ ಬಂದರು. ಮನೆಯಲ್ಲಿ ದಖನಿ ಉರ್ದು ಆಡುವವರು. ನಮ್ಮೊಡನೆ ಮೆತ್ತಗಿನ ಕನ್ನಡ. ಕಬ್ಬಿಣದ ಮಂಚ ಅವರ ಭಾರಕ್ಕೆ ಬಗ್ಗಿತು. ಎರಡು ಮಂಚ ಜೋಡಿಸಿದೆವು. ಶ್ರೀನಿವಾಸಪುರದ ಮಾವಿನ ಮಂಡಿ ಸಾಹುಕಾರರೊಬ್ಬರು ಅವರನ್ನು ಇಟ್ಟುಕೊಂಡಿದ್ದರು. ತಿಂಗಳ ಸಂಬಳ, ಅದರ ಮೇಲೆ ಖುರಾಕು. ಖುರಾಕು ಎಂದರೆ ಪೈಲ್ವಾನರ ಮೈ ಕಟ್ಟುವ ಆಹಾರ: ಹಾಲು, ತುಪ್ಪ, ಬಾದಾಮಿ, ಮೊಟ್ಟೆ, ಮಾಂಸ.

ಮಾರನೆಯ ಬೆಳಿಗ್ಗೆ ನಾನು ರೌಂಡ್ಸಿಗೆ ಹೊರಟರೆ ಗಂಡಸರ ವಾರ್ಡಿನ ಕಿಟಕಿಯ ಕೆಳಗೆ ಒಂದು ಎಮ್ಮೆ ನಿಂತಿದೆ. ಪಕ್ಕದಲ್ಲಿ ಚೊಂಬು ಹಿಡಿದ ಗೌಳಿ.

"ಏನಪ್ಪಾ ಇದು?"

"ಪೈಲ್ವಾನ್ರಿಗೆ ಹಾಲಮ್ಮ. ನೀರು ಬೆರೆಸಬಾರದು ಅಂತ ಅವರ ಕಣ್ಣೆದುರೇ ಕರೀಬೇಕು, ಸಾಹುಕಾರ್ರ ಅಪ್ಪಣೆ."

"ಎಮ್ಮೆಯನ್ನು ಗೇಟಿನ ಆಚೆ ಕಟ್ಟು."

"ಆಚೆ ಕಟ್ಟಿದ್ರೆ ಕಿಟಕಿಗೆ ಕಾಣಲ್ಲವಲ್ಲಮ್ಮ."

ಎಮ್ಮೆಯನ್ನೂ ಗೌಳಿಯನ್ನೂ ಹೊರಗೆ ಕಳಿಸಿದೆ. ಹಿಂದೆಯೇ ಬಂದ ಬಾದಾಮಿಯ ಚೀಲವನ್ನೂ ಕಳಿಸಿದೆ. ಬಾಣಂತಿಯರಿಗೆ ಅರ್ಧ ಲೋಟ ಹಾಲು ಸಿಗದ ಕಡೆ ಒಬ್ಬ ಗಂಡಸು ಚೊಂಬುಗಟ್ಟಲೆ ಕುಡಿಯುವುದು ನನ್ನ ಕಣ್ಣಿಗೆ ಅನ್ಯಾಯವಾಗಿ ಕಂಡಿತು. ನನ್ನ ಆಸ್ಪತ್ರೆಯಲ್ಲಿ ಎಲ್ಲರಿಗೂ ಆಸ್ಪತ್ರೆಯ ಆಹಾರವೇ ಎಂದು ಕಟ್ಟಪ್ಪಣೆ ಮಾಡಿ, ಎರಡು ಚೂರು ಬ್ರೆಡ್ಡು, ಒಂದು ಸಣ್ಣ ಲೋಟ ಗಂಜಿ ಕಳಿಸಿದೆ.

ಪೈಲ್ವಾನರು ತಟ್ಟೆಯನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿ, ನರ್ಸನ್ನು ಹತ್ತಿರ ಕರೆದು ಮರ್ಯಾದೆಯಿಂದಲೇ ಕೇಳಿದರಂತೆ: "ಸಿಸ್ಟರ್, ಇದನ್ನ ಊಟಕ್ಕೆ ಮುಂಚೆ ತಗೋಬೇಕೋ, ಊಟ ಆದ್ಮೇಲೋ?"

೨. ಕೇಳದೆ ಹೇಳಿದ ಮಾತು

ಎರಡನೆಯ ವಾರ ಸಾಹುಕಾರರೇ ಬಂದರು. ಡಾಕ್ಟರು ಇರಲಿಲ್ಲ. ನನ್ನ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಪೇಟ ಸರಿಮಾಡಿಕೊಂಡು ನಿಂತರು. ತೆಲುಗು ಕನ್ನಡ ಎರಡೂ ಕಲೆಸಿದ ಮಾತು.

"ಏಮ್ಮಾ, ಆ ಕಾಲು ಮತ್ತೆ ಅಖಾಡಕ್ಕೆ ಇಳಿಯುತ್ತಾ?"

"ನಡೆಯುವುದಕ್ಕೆ ತೊಂದರೆಯಿಲ್ಲ. ಕುಸ್ತಿಯ ವಿಷಯ ಡಾಕ್ಟರನ್ನು ಕೇಳಿ," ಎಂದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಅಷ್ಟೇ ನನ್ನ ಕೆಲಸ. ಆದರೆ ಎಮ್ಮೆಯ ಸಿಟ್ಟು ಇನ್ನೂ ಆರಿರಲಿಲ್ಲ. ಪೆನ್ನು ಕೆಳಗಿಟ್ಟು ಮುಂದುವರಿಸಿದೆ: "ವರ್ಷಕ್ಕೆ ನಾಲ್ಕು ಸಲ ಇನ್ನೊಬ್ಬನನ್ನು ಮಣ್ಣಿಗೆ ಕೆಡವುವವರಿಗೆ ನನ್ನ ಮೂವರು ನರ್ಸುಗಳಿಗಿಂತ ಹೆಚ್ಚು ಕೊಡುತ್ತಿದ್ದೀರಿ. ಇವರು ದಿನಾ ಜೀವ ಉಳಿಸುವವರು. ಇದು ನ್ಯಾಯವೇ, ನೀವೇ ಹೇಳಿ."

ಸಾಹುಕಾರರು ತಲೆ ಕೆರೆದುಕೊಂಡರು. "ನಾನು ಅವನನ್ನ ಮಾವಿನ ಮರ ಅಂದ್ಕೊಂಡಿದ್ದೆ ತಲ್ಲೀ. ಒಂದು ವರ್ಷ ಕಾಯಿ ಬಿಡುತ್ತೆ, ಒಂದು ವರ್ಷ ಬಿಡಲ್ಲ. ಬಿಡದಿದ್ರೆ ಕಡಿದುಹಾಕ್ತೀವಾ? ಆದ್ರೆ ನೀವು ಇಂಗ್ಲಿಷ್ ಓದಿದೋರು. ನೀವು ಹೇಳಿದ್ದೇ ನಿಜಮು."

ಪೈಲ್ವಾನರು ಮನೆಗೆ ಹೊರಡುವ ಹೊತ್ತಿಗೆ ಸಂಬಳವೂ ನಿಂತಿತ್ತು, ಖುರಾಕೂ ನಿಂತಿತ್ತು. ಅವರಿಗೆ ಹೆಂಡತಿ, ಮೂವರು ಹೆಣ್ಣುಮಕ್ಕಳು. ಬೇರೆ ಕಸುಬು ತಿಳಿಯದು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಮೊದಲು ಕೇಳಿ ತಿಳಿದುಕೊಳ್ಳಬೇಕೆಂದು ನನಗೆ ತೋಚಿರಲಿಲ್ಲ.

ಸಾಹುಕಾರರ ಬಳಿ ಉಳಿದ ಆ ಹಣ ಒಳ್ಳೆಯದಕ್ಕೆ ಬರಲಿ ಎಂದು ಕೆಲವು ತಿಂಗಳಾದ ಮೇಲೆ ನಾನೇ ಶ್ರೀನಿವಾಸಪುರಕ್ಕೆ ಹೋದೆ. ಹೆರಿಗೆ ವಾರ್ಡಿಗೆ ನಾಲ್ಕು ತೊಟ್ಟಿಲು ಕೊಡಿಸಿರೆಂದು ಕೇಳಿದೆ. ಸಾಹುಕಾರರು ಸಂಕೋಚದಿಂದ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಹಿತ್ತಾಳೆಯ ತಟ್ಟೆಯಲ್ಲಿ ಬಾದಾಮಿ ತಿನ್ನುತ್ತ ಒಂದು ಟಗರು ನಿಂತಿತ್ತು, ಕೋಡಿಗೆ ಕೆಂಪು ಬಣ್ಣ.

"ಕಾಳಗದ ಟಗರಮ್ಮ. ಪೈಲ್ವಾನ್‌ಗೆ ಕೊಡ್ತಿದ್ದದ್ದು ಇದಕ್ಕೆ ಸರಿಹೋಯ್ತು. ಒಂದೇ ಅನುಕೂಲ, ಇದಕ್ಕೆ ಮೊಣಕಾಲು ನೋವು ಅನ್ನೋಕೆ ಬಾಯಿಲ್ಲ."

೩. ಮಣಿಕಟ್ಟು

ಒಂದು ದಿನ ಪೈಲ್ವಾನರು ಕುಂಟುತ್ತ ಆಸ್ಪತ್ರೆಗೆ ಬಂದು ಕೆಲಸ ಕೇಳಿದರು. ಸ್ಟ್ರೆಚರ್ ಹೊರುವವನ ಜಾಗ ಖಾಲಿಯಿತ್ತು. ನಾನು ಡಾಕ್ಟರಿಗೆ ಶಿಫಾರಸು ಮಾಡಿದೆ, ಸ್ವಲ್ಪ ಹೆಚ್ಚಾಗಿಯೇ ಮಾಡಿದೆ. ಆದರೆ ನಮ್ಮ ಡಾಕ್ಟರಿಗೆ ಹಾಕಿ ಹುಚ್ಚು. ಆಸ್ಪತ್ರೆಯ ತಂಡಕ್ಕೆಂದು ಚಿನ್ನದ ಗಣಿಯ ಕಡೆಯಿಂದ, ಬಲ ಅಂಚಿನಲ್ಲಿ ಆಡುವ ಒಬ್ಬ ರೈಟ್ ಔಟ್ ಆಟಗಾರನನ್ನು ಹಿಡಿದುಕೊಂಡು ಬಂದು, ಅವನಿಗೆ ಕೊಡಲು ಬೇರೆ ಕೆಲಸವಿಲ್ಲದೆ, ಅದೇ ಜಾಗಕ್ಕೆ ಹಾಕಿದರು. ಸಂಬಳದ ಮೇಲೆ ಬೂಟು, ಬೆಳಿಗ್ಗೆ ಎರಡು ಮೊಟ್ಟೆ.

ಅವನು ಬಂದು ಒಂದು ತಿಂಗಳಾದರೂ ಸ್ಟ್ರೆಚರ್ ಮುಟ್ಟಲಿಲ್ಲ. ನಾನು ಡಾಕ್ಟರನ್ನೇ ಕೇಳಿದೆ.

"ಮೇಟ್ರನ್, ಅವನ ಮಣಿಕಟ್ಟು ನೋಡಿದ್ದೀರಾ? ಆ ಮಣಿಕಟ್ಟಿನಿಂದ ಸ್ಟ್ರೆಚರ್ ಎತ್ತಿಸೋದಾ!"

"ಹಾಗಾದರೆ ರೋಗಿಗಳು?"

"ನಡೆಯಬಲ್ಲವರು ನಡೆಯಲಿ."

ಪೈಲ್ವಾನರು ಮಾತ್ರ ಬೇರೆ ಜಾಗ ಖಾಲಿಯಾದೀತೆಂದು ಬಸ್ಸಿಗೆ ಕಾಸು ಸೇರಿದಾಗಲೆಲ್ಲ ಬಂದು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದರು. ನಾನು ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟು, ಹಿಂದಿನ ಬಾಗಿಲು ಬಳಸುತ್ತಿದ್ದೆ.

ಒಂದು ಸಂಜೆ ಪಂದ್ಯದಲ್ಲಿ ಕಾಲು ಮುರಿದುಕೊಂಡವನೊಬ್ಬನನ್ನು ಜಟಕಾದಲ್ಲಿ ತಂದರು. ನೋಡಿದರೆ ನಮ್ಮ ರೈಟ್ ಔಟ್! ಜಟಕಾದಿಂದ ಇಳಿಸಲು ಜನ ಬೇಕು. ಇಳಿಸಬೇಕಾದವನೇ ಒಳಗೆ ಮಲಗಿದ್ದಾನೆ. ಡಾಕ್ಟರು ಕೂಗಾಡುತ್ತಿದ್ದಾಗ ಬೆಂಚಿನಿಂದ ಪೈಲ್ವಾನರು ಎದ್ದು ಬಂದರು. ಅವನನ್ನು ಕೂಸಿನ ಹಾಗೆ ಎತ್ತಿಕೊಂಡು, ಕುಂಟುತ್ತ, ಆದರೆ ಒಂದಿಷ್ಟೂ ಅಲುಗಿಸದೆ ವಾರ್ಡಿಗೆ ತಂದು ಮಲಗಿಸಿದರು. ದಾರಿಯುದ್ದಕ್ಕೂ ಅವನು "ಮೆಲ್ಲಗೆ, ಮಣಿಕಟ್ಟು, ಮಣಿಕಟ್ಟು!" ಎನ್ನುತ್ತಲೇ ಇದ್ದ.

ಡಾಕ್ಟರ ಕಣ್ಣು ಅರಳಿತು. ಕೊನೆಗೂ ಕೆಲಸ ಕೊಡುತ್ತಾರೆಂದು ನಾನು ಉಸಿರು ಬಿಟ್ಟೆ.

"ಭೇಷ್! ಎಷ್ಟು ಅಗಲ ಇದ್ದೀರಿ! ನಮಗೆ ಗೋಲ್‌ಕೀಪರ್ ಆಗ್ತೀರಾ?"

"ಸಂಬಳ ಇದೆಯಾ ಸಾಬ್?" ಎಂದರು ಪೈಲ್ವಾನರು.

"ಸಂಬಳ ಇಲ್ಲ. ಹಾಫ್‌ಟೈಮಿನಲ್ಲಿ ಕಿತ್ತಳೆ ತೊಳೆ ಕೊಡ್ತೀವಿ."

೪. ಥರ್ಮಾಮೀಟರು

ಆಮೇಲೆ ಊರಿಗೆ ಒಬ್ಬ ಸೈಕಲ್‌ನವನು ಬಂದ. ಏಳು ದಿನ ಕೆಳಗಿಳಿಯದೆ ಮೈದಾನದಲ್ಲಿ ಸುತ್ತುತ್ತೇನೆಂದು ಪಣ. ಊಟ, ಸ್ನಾನ, ಕ್ಷೌರ ಎಲ್ಲ ಸೈಕಲ್ ಮೇಲೆಯೇ. ಮೆಚ್ಚಿದವರು ಅವನ ಅಂಗಿಗೆ ನೋಟು ಚುಚ್ಚುತ್ತಿದ್ದರು. ದಾರಿಗೆ ಅಡ್ಡ ಬರುವ ನಾಯಿ, ಜನಗಳನ್ನು ತಡೆಯಲು ಅವನು ನಮ್ಮ ಪೈಲ್ವಾನರನ್ನು ಇಟ್ಟುಕೊಂಡಿದ್ದ. ಹತ್ತೂರಿನ ಪಟ್ಟುಗಳನ್ನು ಬಿಡಿಸಿದವರು ಈಗ ಕೋಲು ಹಿಡಿದು "ಹಚಾ ಹಚಾ" ಎನ್ನುತ್ತ ನಿಂತದ್ದನ್ನು ನೋಡಲಾರದೆ ನಾನು ಮೈದಾನದ ಕಡೆ ಹೋಗಿರಲಿಲ್ಲ.

ಐದನೆಯ ದಿನ ಅವರೇ ಬಂದರು. "ಅಮ್ಮಾ, ಅವನ ಮೈ ಕೆಂಡದಂಗೆ ಸುಡ್ತಾ ಇದೆ. ಇಳಿ ಅಂದ್ರೆ ಇಳಿಯಲ್ಲ. ನೀವು ಹೇಳಿದ್ರೆ ಕೇಳ್ತಾನೆ."

ನಾನು ಹೇಳಿದರೆ ಕೇಳದವರು ಕೋಲಾರದಲ್ಲಿ ಯಾರೂ ಇರಲಿಲ್ಲ. ಹೋಗಿ ಮೈದಾನದ ನಡುವೆ ನಿಂತು "ಇಳಿ!" ಎಂದೆ.

"ಇಳಿದ್ರೆ ಐದು ದಿನದ್ದೂ ಮಣ್ಣುಪಾಲು ತಾಯೀ," ಎಂದು ನನ್ನನ್ನು ಸುತ್ತಿಕೊಂಡು ಹೋದ.

ಬೇರೆ ದಾರಿಯಿರಲಿಲ್ಲ. ಮುಂದಿನ ಸುತ್ತಿಗೆ ಬಂದಾಗ ಪಕ್ಕದಲ್ಲೇ ಓಡುತ್ತ ಅವನ ನಾಲಿಗೆಯ ಕೆಳಗೆ ಥರ್ಮಾಮೀಟರ್ ಇಟ್ಟೆ. ಇಟ್ಟ ಮೇಲೆ ಬೀಳದಂತೆ ಹಿಡಿದುಕೊಳ್ಳಬೇಕು, ಹಿಡಿದುಕೊಂಡರೆ ಜೊತೆಗೆ ಓಡಬೇಕು. ಒಂದು ಕೈಯಲ್ಲಿ ಗಡಿಯಾರ, ಒಂದು ಕೈಯಲ್ಲಿ ಥರ್ಮಾಮೀಟರ್, ಇಸ್ತ್ರಿ ಮಾಡಿದ ಬಿಳಿ ಸೀರೆಯಲ್ಲಿ ನಾನು ಓಡಿದೆ. ವಕ್ಕಲೇರಿಯಿಂದ ಗಾಡಿ ಕಟ್ಟಿಕೊಂಡು ಬಂದವರು ಎದ್ದು ನಿಂತು ಸುತ್ತು ಎಣಿಸಿದರು. ಮೂರು ಸುತ್ತಾಯಿತು. ನನ್ನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಇದೂ ಒಂದು ಕೆಲಸವೇ ಎಂದು ಮೊದಲ ಸಲ ಅನ್ನಿಸಿದ್ದು ಆಗ. ಹಿಂದೆಯೇ ಸಾಹುಕಾರರಿಗೆ ನಾನು ಆಡಿದ ಮಾತು ನೆನಪಾಗಿ ಬಾಯಿ ಕಹಿಯಾಯಿತು.

ಅವನ ಜ್ವರಕ್ಕೆ ಸೈಕಲ್ ಮೇಲೆಯೇ ಮಾತ್ರೆ ಕೊಟ್ಟು ಆಸ್ಪತ್ರೆಗೆ ಬಂದರೆ ನರ್ಸುಗಳು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಾರೆ. ಕೊನೆಗೆ ಒಬ್ಬಳು ಧೈರ್ಯ ಮಾಡಿದಳು: "ಮೇಡಮ್, ನಿಮ್ಮ ಬೆನ್ನಿಗೆ ಯಾರೋ ಒಂದು ರೂಪಾಯಿ ನೋಟು ಚುಚ್ಚಿದ್ದಾರೆ."

೫. ಬಿದ್ದವರನ್ನು ಎತ್ತಿದ್ದು

ಯುದ್ಧ ಮುಗಿಯುವ ಹೊತ್ತಿಗೆ, ಸೂಲಗಿತ್ತಿಯರಿಗೆ ಪಾಠ ಹೇಳಲು ಮಾಲೂರಿಗೆ ಹೋಗಿದ್ದೆ. ಪಾಠ ಮುಗಿದ ಮೇಲೆ ಮಧ್ಯಾಹ್ನದ ಬಸ್ಸು ಕೆಟ್ಟು ನಿಂತಿತ್ತು. ಎದುರಿಗೇ ಕುಸ್ತಿಯ ಟೆಂಟು. ತಮಟೆಯವನು ಸಾರುತ್ತಿದ್ದ ಹೆಸರು ನಮ್ಮ ಪೈಲ್ವಾನರದು. ನನಗೆ ಎಷ್ಟು ಸಂತೋಷವಾಯಿತೆಂದರೆ ಕುರ್ಚಿಯ ಟಿಕೆಟ್ಟನ್ನೇ ಕೊಂಡೆ. ಕಾಲು ಸರಿಹೋಗಿದೆ, ಮತ್ತೆ ಅಖಾಡಕ್ಕೆ ಇಳಿದಿದ್ದಾರೆ, ನನ್ನ ಮಾತಿನಿಂದ ಏನೂ ಕೆಟ್ಟಿಲ್ಲ.

ಲಕ್ಕೂರಿನ ಕಡೆಯ ಜನ ಕಿಕ್ಕಿರಿದಿದ್ದರು. ಪೈಲ್ವಾನರು ಒಬ್ಬ ಯುವಕನೊಡನೆ ಸೆಣಸಿದರು. ಇದ್ದಕ್ಕಿದ್ದಂತೆ ಧೊಪ್ಪನೆ ಬಿದ್ದು, ಅದೇ ಮೊಣಕಾಲನ್ನು ಹಿಡಿದುಕೊಂಡು, "ಹಾಯ್ ಅಲ್ಲಾ!" ಎಂದು ಹೊರಳಾಡಿದರು.

ನಾನು ಹೇಗೆ ಹಗ್ಗ ದಾಟಿದೆನೋ ತಿಳಿಯದು. "ಯಾರೂ ಮುಟ್ಟಬೇಡಿ! ಸರಿಯಿರಿ!" ಎಂದು ಕೂಗಿ ಮಣ್ಣಿನಲ್ಲಿ ಮಂಡಿಯೂರಿ ಕಾಲು ಹಿಡಿದೆ.

ಪೈಲ್ವಾನರು ಒಂದು ಕಣ್ಣು ತೆರೆದರು. "ಅಮ್ಮಾ, ನೀವಾ? ಹೋಗಿ ಅಮ್ಮಾ."

"ಅಲುಗಬೇಡಿ. ಎಲ್ಲಿ ನೋವು?"

"ಎಲ್ಲೂ ಇಲ್ಲ! ದಿನಾ ಬೀಳೋಕೇ ಸಂಬಳ. ಹೋಗಿ, ಮಾಲೀಕ ನೋಡ್ತಾ ಇದ್ದಾನೆ!"

ನೋವಿನಲ್ಲಿ ಬಡಬಡಿಸುತ್ತಿದ್ದಾರೆಂದು ನಾನು ಮೊಣಕಾಲನ್ನು ಒತ್ತಿ ಪರೀಕ್ಷಿಸಿದೆ. ಹಳೆಯ ನೋವಿನ ಜಾಗವೇ ಸಿಕ್ಕಿತು. "ಯಾ ಖುದಾ!" ಎಂದು ಚಿಮ್ಮಿ ಎದ್ದವರು ಅಖಾಡದ ಸುತ್ತ ಓಡಿದರು. ಗೆದ್ದ ಯುವಕ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. "ಓಡಬಾರದು! ಮಲಗಿ!" ಎನ್ನುತ್ತ ನಾನು ಹಿಂದೆ ಓಡಿದೆ. ಟೆಂಟಿಗೆ ಟೆಂಟೇ ಬಿದ್ದುಹೋಗುವಂತೆ ಜನ ನಕ್ಕರು.

ಟೆಂಟಿನ ಹಿಂದೆ ಅವರು ಬೆವರು ಒರೆಸಿಕೊಳ್ಳುತ್ತ ಕೂತಿದ್ದರು. ವರ್ಷಗಟ್ಟಲೆ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. "ನಿಮ್ಮ ಅನ್ನ ಎರಡು ಸಲ ಕಿತ್ತುಕೊಂಡೆ, ಇವತ್ತು ಇಲ್ಲಿ, ಅವತ್ತು ಆಸ್ಪತ್ರೆಯಲ್ಲಿ. ಸಾಹುಕಾರರು ಖುರಾಕು ನಿಲ್ಲಿಸಿದ್ದೂ ನನ್ನ ಮಾತಿನಿಂದಲೇ. ತಪ್ಪು ನನ್ನದು."

"ಗೊತ್ತಮ್ಮ. ಸಾಹುಕಾರ್ರು ಅವತ್ತೇ ಹೇಳಿದ್ರು."

"ಗೊತ್ತಿದ್ದೂ ಬೆಂಚಿನ ಮೇಲೆ ಬಂದು ಕೂತಿರಾ?"

"ನೀವು ಹೇಳಿದ್ರೆ ಕೆಲಸ ಹೋಗುತ್ತೆ ಅಂದ್ರೆ, ನೀವು ಹೇಳಿದ್ರೆ ಸಿಗಲೂಬಹುದಲ್ವಾ ಅಂದ್ಕೊಂಡೆ," ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಮಾಲೀಕ ಬಂದ. ಇವರ ಸಂಬಳ ಮುಟ್ಟಬೇಡಿ ಎಂದು ನಾನು ಕೈ ಮುಗಿದೆ. ನನಗೆ ನೆನಪಿರುವಂತೆ, ಪ್ರಾರ್ಥನೆಗೆ ಹೊರತಾಗಿ ನಾನು ಕೈ ಮುಗಿದದ್ದು ಅದೇ ಮೊದಲು.

"ಮುಟ್ಟೋದಾ? ಇನ್ನೂ ಜಾಸ್ತಿ ಮಾಡ್ತೀನಿ! ನೀವು ನಾಳೆಯಿಂದ ದಿನಾ ಬರ್ತೀರಾ ಅಮ್ಮಾ?" ಎಂದು, ನನ್ನ ಆಸ್ಪತ್ರೆಯ ಸಂಬಳದ ಎರಡರಷ್ಟು ಹೇಳಿದ. ನಾನು ತಲೆ ಎತ್ತಿಕೊಂಡು ಬಸ್ಸಿಗೆ ನಡೆದೆ.

ತಿಂಗಳಾದ ಮೇಲೆ ಪೈಲ್ವಾನರು ಕೋಲಾರಕ್ಕೆ ಬಂದರು. ಹೊಸ ಅಂಗಿ, ಕೆನ್ನೆ ತುಂಬಿಕೊಂಡಿತ್ತು. ಜೊತೆಗೆ ನಾಟಕದಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದ ಒಬ್ಬ ಸಣಕಲು ಮನುಷ್ಯ.

"ಅಮ್ಮಾ, ನೀವು ಬರಲಿಲ್ಲವಲ್ಲ, ಟೆಂಟಿನ ಆಟದಲ್ಲಿ ಇವನೇ ಈಗ ನಮ್ಮ ಮೇಟ್ರನ್. ಮೊಣಕಾಲು ಹಿಡಿಯೋಕೆ ಬರಲ್ಲ, ದಿನಾ ತೊಡೆ ಚಿವುಟ್ತಾನೆ. ಸ್ವಲ್ಪ ಹೇಳಿಕೊಡಿ."

ಹೊರಗೆ ಕಳಿಸಬೇಕೆಂದೇ ಎದ್ದೆ. ಆದರೆ ಆ ಮನುಷ್ಯ ಗಂಟಿನಿಂದ ಬಿಳಿ ಸೀರೆ, ಟೊಪ್ಪಿ ತೆಗೆದು ಹಾಕಿಕೊಂಡು ನನ್ನ ಹಾಗೆ ನಡೆದು ತೋರಿಸಿದ. ಟೊಪ್ಪಿ ಓರೆ, ಬೆನ್ನು ಗೂನು, ಹೆಜ್ಜೆಯಲ್ಲಿ ಲೆಕ್ಕವೇ ಇಲ್ಲ. ನನ್ನಿಂದ ಸಹಿಸಲಾಗಲಿಲ್ಲ. ಬಾಗಿಲು ಹಾಕಿಸಿದೆ. "ಹಾಗಲ್ಲ. ಎದೆ ಮುಂದೆ. ಮೊದಲು ಗದ್ದಲ ನಿಲ್ಲಿಸಬೇಕು, ಆಮೇಲೆ ನಾಡಿ, ಆಮೇಲೆ ಕಾಲು." ಅರ್ಧ ಗಂಟೆಯಲ್ಲಿ ಅವನು ಎಷ್ಟು ಚೆನ್ನಾಗಿ ಕಲಿತನೆಂದರೆ ಒಳಗೆ ಬಂದ ನರ್ಸು ಅವನಿಗೇ "ಗುಡ್ ಮಾರ್ನಿಂಗ್ ಮೇಡಮ್" ಎಂದಳು.

ನನಗೆ ಹೆಮ್ಮೆಯೇ ಆಯಿತು. ಪೈಲ್ವಾನರ ಮುಖ ಮಾತ್ರ ಚಿಕ್ಕದಾಗಿತ್ತು. ಹತ್ತಿರ ಬಂದು ಪಿಸುಗುಟ್ಟಿದರು: "ಸಾಕಮ್ಮ, ಮಾಫ್ ಮಾಡಿ. ಇಷ್ಟು ಚೆನ್ನಾಗಿ ಕಲಿತ್ರೆ ಅವನು ಸಂಬಳ ಜಾಸ್ತಿ ಕೇಳ್ತಾನೆ. ಮಾಲೀಕ ಅದನ್ನ ನನ್ನದ್ರಲ್ಲೇ ಹಿಡೀತಾನೆ."

ನಾನು ತಿರುಗಿ ಆ ಮನುಷ್ಯನ ಎದುರು ನಿಂತೆ. ನೆಟ್ಟಗೆ ನಿಂತಿದ್ದ ಅವನ ಟೊಪ್ಪಿಯನ್ನು ನನ್ನ ಕೈಯಾರೆ ಓರೆ ಮಾಡಿ ಹೇಳಿದೆ: "ಪಾಠ ಮುಗಿಯಿತು. ಬೆನ್ನು ಮೊದಲಿದ್ದ ಹಾಗೇ ಇರಲಿ. ತೊಡೆಯನ್ನೇ ಚಿವುಟಿ."