ಸ್ಟಿಯರಿಂಗ್ ಜೋರಾಗಿ ಅಲ್ಲಾಡಿಸಿ!

ಸ್ಟಿಯರಿಂಗ್ ಸಡಿಲವಾಯಿತೆಂದು ಗ್ಯಾರೇಜಿಗೆ ಬರುವವರು ಯಾರೂ ಗಾಡಿಯನ್ನು ಮಾತ್ರ ತರುವುದಿಲ್ಲ. ರೋಗವೇನು, ಮದ್ದೇನು ಎಂದು ತೀರ್ಮಾನಿಸಿಕೊಂಡೇ ಬರುತ್ತಾರೆ. ಕುಲಶೇಖರದಲ್ಲಿ ಜೀಪು ರಿಪೇರಿ ಮಾಡುತ್ತ ನನ್ನ ತಲೆಕೂದಲು ಅರ್ಧ ಹೋಗಿತ್ತು. ಉಳಿದರ್ಧ ಹೋದದ್ದು ಕಾಕನ ಜೀಪಿನಿಂದ.

ಕಾಕ ಅಂದರೆ ನಾವೆಲ್ಲ ಹಾಗೆ ಕರೆಯುವ ಶಕ್ತಿನಗರದ ಹಿರಿಯರೊಬ್ಬರು, ಗಲ್ಫಿನಲ್ಲಿ ದುಡಿದು ಬಂದವರು. ಅವರದು ನಾಲ್ಕೂ ಚಕ್ರ ಎಳೆಯುವ ಹಳೆಯ ಜೀಪು. ಪ್ರತಿ ಗುರುವಾರ ಹೆಂಡತಿಯನ್ನು ಮೊಣಕಾಲಿನ ವ್ಯಾಯಾಮಕ್ಕೆ ಅದರಲ್ಲೇ ಫಳ್ನೀರಿನ ಕ್ಲಿನಿಕ್ಕಿಗೆ ಕರೆದೊಯ್ಯುತ್ತಾರೆ. ಜೀಪು ರಸ್ತೆಯಲ್ಲಿ ಅತ್ತಿತ್ತ ಹೋಗುವುದನ್ನು ಕಂಡು ಆಕೆ ಹೇಳಿಬಿಟ್ಟರಂತೆ: "ಈ ಗುರುವಾರದೊಳಗೆ ಸರಿಯಾಗದಿದ್ರೆ ಗುಜರಿಗೆ ಹಾಕಿ. ಒಂದು ಮೊಣಕಾಲು ಹೋದದ್ದು ಸಾಕು."

ಕಾಕ ಸೋಮವಾರ ಬೆಳಿಗ್ಗೆಯೇ ಹಾಜರು.

೧. ಪರಿಚಯದ ಬಸ್ಸು

"ಎಷ್ಟು ಲೂಸ್ ಉಂಟು?" ಎಂದೆ.

"ಲೂಸ್ ಎಂತದು ಮಾರಾಯ? ಸ್ವಲ್ಪ ಅಭ್ಯಾಸ ಬೇಕು, ಅಷ್ಟೇ."

ಅಭ್ಯಾಸ ತೋರಿಸಲು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಇಳಿಜಾರಿನಲ್ಲಿ ಹೊರಟರು. ತಿರುವು ಇನ್ನೂ ದೂರವಿತ್ತು, ಕಾಕ ಆಗಲೇ ಸ್ಟಿಯರಿಂಗ್ ತಿರುಗಿಸತೊಡಗಿದ್ದರು. ಒಂದು ಗೇಣು ತಿರುಗಿದ ಮೇಲೆ ಚಕ್ರಕ್ಕೆ ಎಚ್ಚರವಾಯಿತು. ಎದುರಿನಿಂದ ಬಸ್ಸು ಬಂತು. ನಾನು ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕಿರುಚಿದೆ.

"ಗಾಡಿಗೆ ಮೊದಲೇ ತಿಳಿಸ್ಬೇಕಲ್ಲ? ಅದಕ್ಕೆ ಮುಂಚೆಯೇ ತಿರುಗಿಸ್ತೇನೆ," ಎಂದರು ಕಾಕ.

"ಆ ಬಸ್ಸಿನವನಿಗೆ ಯಾರು ತಿಳಿಸ್ತಾರೆ ಕಾಕ?"

"ಅವನಿಗೆ ನನ್ನ ಪರಿಚಯ ಉಂಟು. ದೂರದಿಂದಲೇ ನೋಡಿ ನಿಲ್ಲಿಸ್ತಾನೆ."

೨. ದುಬೈಯಿಂದ ತಪಾಸಣೆ

ಮರುದಿನ ಜೀಪಿನ ಅಡಿ ಹೊಕ್ಕರೆ ಚಕ್ರಗಳನ್ನು ಜೋಡಿಸುವ ಸರಳಿನ ತುದಿಗಳು ಹೊಸತು. ಚಹಾ ಅಂಗಡಿಯವನ ಸಲಹೆಯಂತೆ ಕಾಕ ಮೊದಲೇ ಬದಲಿಸಿದ್ದರು. ಟಯರು ಹೊಸತು, ಪಕ್ಕದ ಮನೆಯವನ ಸಲಹೆಯಂತೆ. ನನಗೆ ಮೈಯೆಲ್ಲ ಉರಿಯಿತು. ಎಲ್ಲರ ಮಾತು ಕೇಳಿ ಆದ ಮೇಲೆ ಮೆಕ್ಯಾನಿಕ್ಕನ ನೆನಪಾಗುವುದು.

ಅಷ್ಟರಲ್ಲಿ ದುಬೈಯಿಂದ ಕಾಕನ ಭಾವನ ವೀಡಿಯೋ ಕಾಲ್ ಬಂತು. ಕಾಕ ಬಗ್ಗಿ, ಫೋನನ್ನು ಜೀಪಿನ ಅಡಿಗೆ ತುರುಕಿದರು. ಭಾವ ನೋಡಿದರು, ಗಂಭೀರವಾಗಿ ಹೇಳಿದರು: "ಅಡಿಯಲ್ಲಿ ಎಲ್ಲವೂ ಅಲ್ಲಾಡ್ತಾ ಉಂಟು. ಆಕ್ಸಲ್ ಸಮೇತ ಬದಲಿಸಿ."

ಜೀಪಿನ ಎಂಜಿನ್ನೇ ಬಂದ್ ಇತ್ತು. ಅಲ್ಲಾಡುತ್ತಿದ್ದದ್ದು ಬಗ್ಗಿ ನಿಂತ ಕಾಕನ ಕೈ.

೩. ಪ್ರೀತಿಯ ತೊಂದರೆ

ಸಡಿಲ ಹುಡುಕುವುದಕ್ಕೆ ಇರುವ ದಾರಿ ಒಂದೇ. ಚಕ್ರಗಳು ನೆಲದ ಮೇಲಿರಬೇಕು. ಒಬ್ಬ ಮೇಲೆ ಕೂತು ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಬೇಕು, ಇನ್ನೊಬ್ಬ ಅಡಿಯಲ್ಲಿ ಮಲಗಿ ಆ ಅಲ್ಲಾಟ ಎಲ್ಲಿ ಕಳೆದುಹೋಗುತ್ತದೆ ಎಂದು ನೋಡಬೇಕು. ಕಾಕನನ್ನು ಮೇಲೆ ಕೂರಿಸಿ ನಾನು ಮಲಗಿದೆ. ಅರ್ಧ ಗಂಟೆಯಾದರೂ ಅಡಿಯಲ್ಲಿ ಒಂದು ಕಡ್ಡಿಯೂ ಮಿಸುಕಲಿಲ್ಲ.

"ಜೋರಾಗಿ ಅಲ್ಲಾಡಿಸಿ!"

"ಅಲ್ಲಾಡಿಸ್ತಾ ಇದ್ದೇನೆ!"

ಎದ್ದು ಬಂದು ನೋಡಿದೆ. ಕಾಕ ಎರಡು ಬೆರಳಲ್ಲಿ ಸ್ಟಿಯರಿಂಗನ್ನು ಸವರುತ್ತಿದ್ದರು.

"ನೀನು ಅಡಿಯಲ್ಲಿ ಇದ್ದೀಯಲ್ಲ ಮಾರಾಯ. ಗಾಡಿ ನಿನ್ನ ಮೇಲೆ ಬಂದ್ರೆ ಎಂತ ಮಾಡುವುದು?"

ನನಗೆ ತಡೆಯಲಾಗಲಿಲ್ಲ. "ಇದೇ ಗಾಡಿಯಲ್ಲಿ ಹೆಂಡತಿಯನ್ನು ಕೂರಿಸಿ ಇಳಿಜಾರು ಇಳಿಯುವಾಗ ಹೆದರಿಕೆ ಇಲ್ಲ, ನಿಂತ ಗಾಡಿಯಲ್ಲಿ ಹೆದರಿಕೆಯಾ?" ಎಂದು ಕೂಗಿದೆ. ಸಿಟ್ಟಿಗಿಂತ ನನಗೂ ಹೆದರಿಕೆಯೇ ಹೆಚ್ಚಿತ್ತು. ಆ ಇಳಿಜಾರಿನಲ್ಲಿ ಇವರಿಬ್ಬರಿಗೆ ಏನಾದರೂ ಆದರೆ?

ಕಾಕ ಸಮಾಧಾನವಾಗಿ ಹೇಳಿದರು: "ಅವಳು ಪಕ್ಕದಲ್ಲಿ ಕೂತು ಬೊಬ್ಬೆ ಹಾಕ್ತಾಳಲ್ಲ, ಗಾಡಿ ಸರಿಯಾಗಿ ಹೋಗ್ತದೆ."

೪. ಎರಡು ಕೋಟ್

ಬುಧವಾರ ಆಕೆಯೇ ರಿಕ್ಷಾದಲ್ಲಿ ಬಂದಿಳಿದರು. "ಎಂತಾಯ್ತು? ಗುಜರಿಯವನಿಗೆ ಫೋನ್ ಮಾಡ್ಲಾ?"

ಕಾಕನ ಮುಖ ಬಾಡಿತು. ನಾನು ಕೈಮುಗಿದು, "ನೀವೊಮ್ಮೆ ಮೇಲೆ ಕೂತು ಸ್ಟಿಯರಿಂಗ್ ಅಲ್ಲಾಡಿಸ್ತೀರಾ?" ಎಂದೆ. ಸ್ಟೂಲಿಟ್ಟು ಹತ್ತಿಸಿದೆವು.

ಎಷ್ಟು ವರ್ಷದ ಕೋಪವೋ ಏನೋ, ಇಡೀ ಜೀಪೇ ನಡುಗಿತು. ಅಡಿಯಲ್ಲಿ ಮಲಗಿದ್ದ ನನಗೆ ಕೂಡಲೇ ಕಂಡಿತು. ಸ್ಟಿಯರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸ್ಟಿಯರಿಂಗ್ ಬಾಕ್ಸೇ ಗಾಡಿಯ ಚೌಕಟ್ಟಿನ ಮೇಲೆ ಅತ್ತಿತ್ತ ಜಾರುತ್ತಿದೆ! ಅದನ್ನು ಹಿಡಿಯುವ ಬೋಲ್ಟುಗಳೆಲ್ಲ ಸಡಿಲವಾಗಿರಬೇಕು. ಆದರೆ ಬೋಲ್ಟು ಎಲ್ಲಿ? ತುಕ್ಕು ಹಿಡಿಯದಂತೆ ಮಳೆಗಾಲಕ್ಕೆ ಮೊದಲು ಗಾಡಿಯ ಅಡಿಗೆ ಬಳಿಯುವ ಕಪ್ಪು ಕೋಟಿಂಗ್ ಎಲ್ಲವನ್ನೂ ದಪ್ಪಗೆ ಮುಚ್ಚಿತ್ತು.

ನನ್ನ ಪಿತ್ತ ನೆತ್ತಿಗೇರಿತು. "ಯಾವ ಕತ್ತೆ ಬಳಿದದ್ದು ಇದನ್ನು? ಬೋಲ್ಟು ಟೈಟ್ ಉಂಟಾ ಅಂತ ನೋಡದೆ ದೋಸೆ ಹುಯ್ದ ಹಾಗೆ ಹುಯ್ದಿದ್ದಾನೆ! ಸ್ಪ್ಯಾನರ್ ಮುಟ್ಟುವ ಯೋಗ್ಯತೆ ಇಲ್ಲದವನು! ಯಾರು ಕಾಕ ಅವನು, ಹೆಸರು ಹೇಳಿ!"

ಕಾಕ ಮೆಲ್ಲಗೆ ಕೆಮ್ಮಿದರು. ಮೇಲಿನಿಂದ ಆಕೆಯ ದನಿ ಬಂತು: "ಮೇ ತಿಂಗಳಲ್ಲಿ ನೀವೇ ಅಲ್ವಾ ಹಚ್ಚಿದ್ದು? ಇವರು ಒಂದು ಕೋಟ್ ಸಾಕು ಅಂದ್ರು. ಎರಡು ಇರಲಿ ಅಂದದ್ದೂ ನೀವೇ."

ಬೋಲ್ಟು ಬಿಗಿಮಾಡಲು ಹತ್ತು ನಿಮಿಷ ಸಾಕಿತ್ತು. ನಾನು ಅಡಿಯಲ್ಲೇ ಮುಕ್ಕಾಲು ಗಂಟೆ ಮಲಗಿದ್ದೆ. ಹೊರಗೆ ಬಂದಾಗ ಕಾಕ ಸ್ಟಿಯರಿಂಗ್ ಮುಟ್ಟಿದರೆ ಸಾಕು, ಚಕ್ರ ಜೊತೆಗೇ ತಿರುಗುತ್ತಿತ್ತು. ಅವರ ಕಣ್ಣಲ್ಲಿ ನೀರು.

ಆಕೆ ಚಕ್ರವನ್ನು ನೋಡಿದರು, ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹಾಗಾದ್ರೆ ಗುಜರಿಗೆ ಹಾಕ್ಬೇಕಾದ್ದು ಜೀಪನ್ನಲ್ಲ," ಎಂದರು.